ಹತ್ರ ಹೋದ್ರೆ ಮಾಯವಾಗೋ ಹಡಗು

ನಿಂಟೆಂಡೊ ಕಂಪನಿಯ ಸೆಲ್ಡಾ ವಿಡಿಯೋ ಗೇಮ್ ಸೀರೀಸ್‌ನ 'ದಿ ವಿಂಡ್ ವೇಕರ್' ಆಡಿದವರಿಗೆ ಇದು ನೆನಪಿರತ್ತೆ. ರಾತ್ರಿ ಹೊತ್ತು ದೋಣಿ ಬಿಟ್ಕೊಂಡು ಎಲ್ಲಿಗೋ ಹೋಗ್ತಿರ್ತೀರ, ದೂರದಲ್ಲಿ ಮಂಕು ಬೆಳಕಿನ ಒಂದು ಹಡಗು ಕಾಣತ್ತೆ. ಅರೆ, ಇದೇನು ಅಂತ ಹಾಯಿ ಆ ಕಡೆ ತಿರುಗಿಸ್ತೀರ. ಹತ್ರ ಹತ್ರ ಹೋಗ್ತೀರ, ಇನ್ನೇನು ಮುಟ್ಟಬೇಕು, ಹಡಗು ಇಲ್ಲ. ಬರೀ ನೀರು. ಗೇಮ್ ಏನೂ ಹೇಳಲ್ಲ, ಒಂದು ಡೈಲಾಗ್ ಇಲ್ಲ, ಯಾವನೋ ಮುದುಕ ಬಂದು ಕಥೆ ಬಿಚ್ಚಲ್ಲ. ನೀವು ಸಮುದ್ರದ ಮಧ್ಯೆ ಪೆದ್ದುಪೆದ್ದಾಗಿ ನಿಂತಿರ್ತೀರ, ಅಷ್ಟೇ.

ಇಪ್ಪತ್ತು ವರ್ಷದ ಮೇಲಾಯ್ತು ಈ ಗೇಮ್ ಬಂದು. ಜಪಾನ್‌ನಲ್ಲಿ 2002ರ ಡಿಸೆಂಬರ್, ಅಮೆರಿಕ ಯುರೋಪ್‌ನಲ್ಲಿ 2003. ಆದ್ರೂ ಆ ಹಡಗು ಯಾರದ್ದು, ಅದ್ರಲ್ಲಿ ಸತ್ತವರು ಯಾರು ಅನ್ನೋ ಜಗಳ ಮುಗಿದಿಲ್ಲ. ನನಗೆ ಈ ಜಗಳ ಬಹಳ ಇಷ್ಟ. ಗೇಮ್‌ಗಿಂತ ಜಾಸ್ತಿ ಹೊತ್ತು ಈ ಥಿಯರಿಗಳ ಹಿಂದೆ ಕಳ್ದಿದೀನಿ ಅಂದ್ರೂ ತಪ್ಪಿಲ್ಲ. ಓದ್ತಾ ಓದ್ತಾ ಈಗ ನನಗೆ ಅನ್ಸಿರೋದು ಏನಂದ್ರೆ, ಎಲ್ರೂ ತಪ್ಪು ಹಡಗನ್ನ ನೋಡ್ತಾ ಇದಾರೆ. ಅದಕ್ಕೆ ಆಮೇಲೆ ಬರ್ತೀನಿ.

ಮೊದ್ಲು ಗೇಮ್ ಆಡದವರಿಗೋಸ್ಕರ ಸ್ವಲ್ಪ ಹಿನ್ನೆಲೆ. (ನಮ್ಮಲ್ಲಿ ಆಡದವರೇ ಜಾಸ್ತಿ, ಅದು ಅವರ ತಪ್ಪಲ್ಲ. ಗೇಮ್‌ಕ್ಯೂಬ್ ಅನ್ನೋ ಕನ್ಸೋಲನ್ನ ನಮ್ಮೂರ ಕಡೆ ಕಣ್ಣಲ್ಲಿ ಕಂಡವರನ್ನ ನಾನಂತೂ ನೋಡಿಲ್ಲ. ನಾನು ಆಡಿದ್ದು ದೊಡ್ಡಮ್ಮನ ಮಗನ ಕಂಪ್ಯೂಟರ್‌ನಲ್ಲಿ, ಕನ್ಸೋಲ್ ಗೇಮ್ ಓಡಿಸೋ ಎಮ್ಯುಲೇಟರ್ ಸಾಫ್ಟ್‌ವೇರ್ ಹಾಕಿ, ಫ್ಯಾನ್ ವಿಮಾನ ಹಾರೋ ಥರ ಸದ್ದು ಮಾಡ್ತಿದ್ದಾಗ.) ಹೈರೂಲ್ ಅಂತ ಒಂದು ರಾಜ್ಯ ಇತ್ತು. ಗ್ಯಾನನ್‌ಡಾರ್ಫ್ ಅನ್ನೋ ದುಷ್ಟ ಮತ್ತೆ ಎದ್ದು ಬಂದ, ಆದ್ರೆ ಈ ಸಲ ಕಾಪಾಡೋಕೆ ಹೀರೋ ಬರ್ಲಿಲ್ಲ. ಜನ ಕೈ ಮುಗಿದು ಕೇಳ್ಕೊಂಡ್ರು. ದೇವರುಗಳು ಕೊಟ್ಟ ಪರಿಹಾರ ಏನು ಅಂದ್ರೆ ಇಡೀ ರಾಜ್ಯಾನ ನೀರಲ್ಲಿ ಮುಳುಗಿಸಿಬಿಡೋದು. ಆರಿಸಿದ ಕೆಲವರನ್ನ ಮಾತ್ರ ಬೆಟ್ಟದ ತುದಿಗೆ ಹೋಗಿ ಅಂದ್ರು. ಆ ಬೆಟ್ಟದ ತುದಿಗಳೇ ಈಗ ದ್ವೀಪಗಳು. ನಾವು ಆಡೋ ಹುಡುಗ ಲಿಂಕ್, ಅಂಥದ್ದೊಂದು ಪುಟ್ಟ ದ್ವೀಪದವನು, ಕಿಡ್ನಾಪ್ ಆದ ತಂಗೀನ ಹುಡುಕೋಕೆ ಅಂತ ಹೊರಟವನು. ಕೆಳಗೆ ಒಂದು ಇಡೀ ದೇಶ ಮುಳುಗಿದೆ ಅನ್ನೋದು ಅವನಿಗೂ ಗೊತ್ತಿಲ್ಲ, ನಮಗೂ ಅರ್ಧ ಗೇಮ್‌ವರೆಗೆ ಗೊತ್ತಾಗಲ್ಲ. ಮ್ಯಾಪ್ ಅಂದ್ರೆ 49 ಚೌಕ, ಏಳಕ್ಕೆ ಏಳು. ಒಂದೊಂದು ಚೌಕಕ್ಕೆ ಒಂದು ದ್ವೀಪ, ಮಿಕ್ಕಿದ್ದೆಲ್ಲ ನೀರು.

ಈ ನೀರಲ್ಲಿ ನಮ್ಮ ಹಡಗು ರಾತ್ರಿ ಮಾತ್ರ ಕಾಣಿಸ್ಕೊಳ್ಳತ್ತೆ, ಏಳು ಜಾಗದಲ್ಲಿ ಒಂದು ಕಡೆ. ಯಾವತ್ತು ಎಲ್ಲಿ ಅನ್ನೋದು ಚಂದ್ರನ ಮೇಲೆ. ಬಿದಿಗೆ ಚಂದ್ರ ಇದ್ರೆ ಒಂದ್ಕಡೆ, ಅರ್ಧ ಚಂದ್ರಕ್ಕೆ ಇನ್ನೊಂದ್ಕಡೆ, ಹುಣ್ಣಿಮೆಗೆ ಮತ್ತೊಂದ್ಕಡೆ. ಇದನ್ನೆಲ್ಲ ತೋರಿಸೋ ಒಂದು ಚಾರ್ಟ್ ಇದೆ, ಡೈಮಂಡ್ ಸ್ಟೆಪ್ ಅನ್ನೋ ದ್ವೀಪದ ಗುಹೆಯಲ್ಲಿ. ಆ ಗುಹೆ ಒಂದು ತಲೆಕೆಟ್ಟ ಜಾಗ, ಮಡಕೆಯೊಳಗೆ ಹಾರಿದ್ರೆ ಇನ್ನೆಲ್ಲೋ ಮಡಕೆಯಿಂದ ಹೊರಗೆ ಬರ್ತೀರ. ಅಲ್ಲಿಂದ ಚಾರ್ಟ್ ತಂದ್ಮೇಲೆ ಹಡಗು ಮಾಯ ಆಗಲ್ಲ, ಒಳಗೆ ಬಿಟ್ಕೊಳ್ಳತ್ತೆ. ಅಂದ್ರೆ ಕಾಗದ ಪತ್ರ ಸರಿ ಇದ್ರೆ ಮಾತ್ರ ಎಂಟ್ರಿ, ತಾಲೂಕು ಆಫೀಸ್ ಥರ.

ಒಳಗೆ ಏನಿದೆ? ಇಲ್ಲಿ ಸ್ವಲ್ಪ ನಿರಾಸೆ. ಒಳಗೆ ಹೋಗಿದ್ದು ಹೌದು ಅನ್ನೋವಷ್ಟರಲ್ಲಿ ಮುಗಿದು ಹೋಗತ್ತೆ. ಎಲುಬಿನ ಗೂಡು ಸ್ಟಾಲ್‌ಫೋಸ್ ಗದೆ ಬೀಸ್ಕೊಂಡು ಬರತ್ತೆ, ಕಿರುಚಿದ್ರೆ ಕೈಕಾಲು ಮರಗಟ್ಟೋ ಹಾಗೆ ಮಾಡೋ ರಿಡೆಡ್ ಇದೆ, ಹಕ್ಕಿ ಕೊಕ್ಕಿನ ಮಂತ್ರವಾದಿ ವಿಜ್‌ರೋಬ್ ಇದೆ. ಎಲ್ಲರನ್ನೂ ಹೊಡೆದ್ರೆ ಒಂದು ಪೆಟ್ಟಿಗೆ, ಅದ್ರಲ್ಲಿ ಟ್ರೈಫೋರ್ಸ್ (ಮುಟ್ಟಿದವರ ಆಸೆ ಈಡೇರಿಸೋ ದೇವರ ವಸ್ತು) ಚೂರು ಎಲ್ಲಿದೆ ಅಂತ ತೋರಿಸೋ ಇನ್ನೊಂದು ಚಾರ್ಟ್. ತಗೊಂಡ್ರಿ, ವಾಪಸ್ ಸಮುದ್ರಕ್ಕೆ. ಕ್ಯಾಪ್ಟನ್ ಇಲ್ಲ, ಡೈರಿ ಇಲ್ಲ, ಗೋಡೆ ಮೇಲೆ ರಕ್ತದಲ್ಲಿ ಬರೆದ ಎರಡು ಸಾಲಾದ್ರೂ ಇಲ್ಲ. ಈಗಿನ ಗೇಮ್ ಆಗಿದ್ರೆ ಒಂದೊಂದು ರೂಮಲ್ಲೂ ನಾಲ್ಕು ಪತ್ರ ಬಿದ್ದಿರ್ತಿತ್ತು, ಓದಿ ಓದಿ ಸಾಕಾಗೋದು. ಇವರು ಒಂದೂ ಇಟ್ಟಿಲ್ಲ. ಅದಕ್ಕೇ ಜನ ತಾವೇ ಬರೆಯೋಕೆ ಶುರು ಮಾಡಿದ್ರು.

ಎಲ್ಲಕ್ಕಿಂತ ಸುಲಭದ ಥಿಯರಿ ಅಂದ್ರೆ ನಿಧಿಗಳ್ಳರದ್ದು. ಯಾವುದೋ ಕಾಲದಲ್ಲಿ ಕಡಲ್ಗಳ್ಳರೋ ನಿಧಿ ಹುಡುಕೋರೋ ಟ್ರೈಫೋರ್ಸ್ ಹಿಂದೆ ಬಿದ್ರು, ಚಾರ್ಟ್ ಸಿಕ್ಕಿತು, ಆದ್ರೆ ಅದನ್ನ ಮುಟ್ಟೋ ಯೋಗ್ಯತೆ ಇಲ್ಲದ್ದಕ್ಕೆ ಶಾಪ ತಗುಲಿ ಹಡಗು ಸಮೇತ ಸತ್ರು. ಕೇಳೋಕೆ ಚೆನ್ನಾಗಿದೆ, ಹಳೇ ಸಿನಿಮಾ ಥರ. ಆದ್ರೆ ನನಗೆ ಇದು ಅಷ್ಟು ಹಿಡಿಸಲ್ಲ, ಯಾಕಂದ್ರೆ ಇದೇ ಥರದ ಎಂಟು ಚಾರ್ಟ್ ಆ ಸಮುದ್ರದಲ್ಲಿ ಬೇರೆ ಬೇರೆ ಕಡೆ ಇದೆ, ಒಂದಂತೂ ಒಂದು ಖಾಲಿ ರೆಸಾರ್ಟ್ ಮನೆಯ ನೆಲಮಾಳಿಗೆಯಲ್ಲಿ. ಅದಕ್ಕೆಲ್ಲ ಶಾಪ ಇಲ್ಲ, ಇದಕ್ಕೊಂದಕ್ಕೆ ಯಾಕೆ? ಮತ್ತೆ ಆ ಚಾರ್ಟ್ ಓದೋಕೂ ಬರಲ್ಲ. ಟಿಂಗಲ್ ಅನ್ನೋ ಹಸಿರು ಬಟ್ಟೆ ಹಾಕಿದ ವಿಚಿತ್ರ ಮನುಷ್ಯನ ಹತ್ರ ಒಂದೊಂದಕ್ಕೆ 398 ರುಪಿ (ಆ ಗೇಮ್‌ನೊಳಗಿನ ದುಡ್ಡು) ಕೊಟ್ಟು ಓದಿಸ್ಬೇಕು. ಎಂಟಕ್ಕೆ ಲೆಕ್ಕ ಹಾಕಿ, 3,184 ರುಪಿ. ಇಡೀ ಗೇಮ್‌ನಲ್ಲಿ ನಿಜವಾದ ಕಡಲ್ಗಳ್ಳ ಯಾರು ಅಂತ ಕೇಳಿದ್ರೆ ನಾನು ಟಿಂಗಲ್ ಕಡೆ ಕೈ ತೋರಿಸ್ತೀನಿ.

ಎರಡನೇದು ನನಗೆ ನಿಜವಾಗ್ಲೂ ಹೊಟ್ಟೆ ಹಿಂಡಿದ ಥಿಯರಿ. ಪ್ರಳಯ ಬಂದಾಗ ದೇವರು ಆರಿಸಿದವರು ಬೆಟ್ಟ ಹತ್ತಿದ್ರು ಸರಿ, ಆರಿಸದೇ ಇದ್ದವರು? ಅವರೆಲ್ಲ ಎಲ್ಲಿಗೆ ಹೋದ್ರು? ಗೇಮ್ ಆ ಕಡೆ ತಿರುಗಿಯೂ ನೋಡಲ್ಲ. ಈ ಹಡಗು ಅಂಥವರದ್ದು, ನೀರು ಏರ್ತಾ ಇದ್ದಾಗ ಸಿಕ್ಕ ಹಡಗು ಹತ್ತಿ ಹೊರಟ್ರು, ಯಾವ ಬೆಟ್ಟವೂ ಸಿಗ್ಲಿಲ್ಲ, ಇವತ್ತಿಗೂ ಏಳು ದ್ವೀಪದ ಹತ್ರ ಸರದಿ ಪ್ರಕಾರ ಬಂದು ಬಂದು ಹೋಗ್ತಾ ಇದೆ, ದಡ ಸಿಗತ್ತೇನೋ ಅಂತ. ಇದಕ್ಕೆ ಸಾಕ್ಷಿ ಅಂತ ಏನೂ ಇಲ್ಲ. ಆದ್ರೆ ಹಿಂದಿನ ಗೇಮ್ 'ಅಕರೀನಾ ಆಫ್ ಟೈಮ್'ನಲ್ಲಿ ಹಾಳಾದ ಹೈರೂಲ್ ಪೇಟೆಯ ಬೀದಿಯಲ್ಲಿ ಜನರ ಬದ್ಲು ಇದ್ದಿದ್ದು ಇದೇ ರಿಡೆಡ್‌ಗಳು, ಕಾಡಲ್ಲಿ ದಾರಿ ತಪ್ಪಿದವರು ಸ್ಟಾಲ್‌ಫೋಸ್ ಆಗ್ತಾರೆ ಅನ್ನೋ ಮಾತೂ ಅದ್ರಲ್ಲೇ ಬರತ್ತೆ. ದಾರಿ ತಪ್ಪಿದವರು, ಊರು ಕಳ್ಕೊಂಡವರು, ಇಬ್ರೂ ಒಂದೇ ಹಡಗಲ್ಲಿ. ಬೇಕೂಂತ ಇಟ್ಟಿದ್ದಾರೋ ಸುಮ್ನೆ ಇದ್ದ ರಾಕ್ಷಸರನ್ನೇ ತಂದು ತುಂಬಿದ್ದಾರೋ ಅನ್ನೋದು ಬೇರೆ ಪ್ರಶ್ನೆ. ಎರಡನೇದೇ ಇರಬಹುದು. ಆದ್ರೂ ಈ ಥಿಯರಿ ಓದಿದ್ಮೇಲೆ ಆ ಹಡಗನ್ನ ಮೊದಲಿನ ಥರ ನೋಡೋಕೆ ಆಗ್ಲಿಲ್ಲ, ಕತ್ತಿ ತಗೊಂಡು ಒಳಗೆ ನುಗ್ಗೋಕೆ ಒಂಥರಾ ಮುಜುಗರ ಆಯ್ತು.

ಇನ್ನೊಂದು ನನ್ನದೇ ಸಣ್ಣ ಅನುಮಾನ ಇದೆ, ವಿಜ್‌ರೋಬ್ ಬಗ್ಗೆ. ಮಿಕ್ಕವೆಲ್ಲ ಸತ್ತವರು, ಇದೊಂದು ಮಾತ್ರ ಜೀವ ಇರೋ ಮಂತ್ರವಾದಿ. ಈ ಗೇಮ್‌ನಲ್ಲೇ ಬೇರೆ ಕಡೆ ವಿಜ್‌ರೋಬ್‌ಗಳು ಮಂತ್ರ ಹಾಕಿ ರಾಕ್ಷಸರನ್ನ ಕರೆಸ್ತವೆ. ಹಾಗಾದ್ರೆ ಹಡಗೇ ಒಂದು ಮಾಯೆ, ಯಾರೂ ಸತ್ತಿಲ್ಲ, ಚಾರ್ಟ್ ಕಾಯೋಕೆ ಇವನು ಕಟ್ಟಿದ ನಾಟಕ ಅಂತ ಹೇಳಬಹುದಲ್ವಾ? ಹತ್ರ ಹೋದ್ರೆ ಮಾಯ ಆಗೋದಕ್ಕೂ ಇದು ಸರಿಹೋಗತ್ತೆ. ನಾನು ಇದನ್ನ ಅಣ್ಣನಿಗೆ (ಅದೇ ದೊಡ್ಡಮ್ಮನ ಮಗ) ಹೇಳಿದ್ದಕ್ಕೆ ಅವನು "ಅಷ್ಟು ಶಕ್ತಿ ಇರೋನು ಪೆಟ್ಟಿಗೆಗೆ ಒಂದು ಬೀಗ ಹಾಕ್ಬಹುದಿತ್ತಲ್ಲ ಮಾರಾಯಾ" ಅಂದ. ಅಲ್ಲಿಗೆ ಅದು ಮುಗೀತು.

ಕೊನೇ ಥಿಯರಿ ಬೋರು, ಆದ್ರೆ ಬಹುಶಃ ನಿಜ. ಟೈಮ್ ಸಾಕಾಗ್ಲಿಲ್ಲ. ಗೇಮ್‌ನ ಡೈರೆಕ್ಟರ್ ಏಜಿ ಆವೊನುಮಾ ಅವರೇ ರಿಲೀಸ್‌ಗೋಸ್ಕರ ಕೆಲವು ಡಂಜನ್‌ಗಳನ್ನ (ಒಗಟು, ರಾಕ್ಷಸರು ತುಂಬಿರೋ ದೊಡ್ಡ ಹಂತಗಳು) ಕೈಬಿಟ್ಟಿದ್ದು ಹೌದು ಅಂತ ಒಪ್ಕೊಂಡಿದ್ದಾರೆ. ಗ್ರೇಟ್‌ಫಿಶ್ ಅನ್ನೋ ದ್ವೀಪಕ್ಕೆ ನೀವು ಹೋಗೋ ಹೊತ್ತಿಗೆ ಅದು ಚೂರುಚೂರಾಗಿರತ್ತೆ, ಅಲ್ಲಿ ಸಿಗಬೇಕಿದ್ದ ಮುತ್ತು ಬೇರೆ ಕಡೆ ಸುಲಭವಾಗಿ ಕೈಗೆ ಸಿಗತ್ತೆ, ಹಾಗಾಗಿ ಅಲ್ಲೊಂದು ದೊಡ್ಡ ಡಂಜನ್ ಇರಬೇಕಿತ್ತು ಅಂತ ಫ್ಯಾನ್‌ಗಳು ಲೆಕ್ಕ ಹಾಕ್ತಾರೆ. ಕೊನೆಗೆ ಬರೋ ಟ್ರೈಫೋರ್ಸ್ ಹುಡುಕಾಟವೂ ಹಾಗೇ, ಚಾರ್ಟ್ ಹುಡುಕು, ದುಡ್ಡು ಕೊಟ್ಟು ಓದಿಸು, ಅಲ್ಲಿಗೆ ಹೋಗು, ನೀರೊಳಗಿಂದ ಎತ್ತು, ಮತ್ತೆ ಮೊದಲಿಂದ. ಇದಕ್ಕೆ ಎಷ್ಟು ಬೈಗುಳ ಬಿತ್ತು ಅಂದ್ರೆ 2013ರಲ್ಲಿ ವೀ ಯು ಕನ್ಸೋಲ್‌ಗೆ ಹೊಸ ವರ್ಶನ್ ಮಾಡಿದಾಗ ಈ ಭಾಗಾನ ಚಿಕ್ಕದು ಮಾಡಿದ್ರು, ಗಾಳಿ ದಿಕ್ಕಿನ ತಲೆನೋವೇ ಇಲ್ಲದೆ ಬೇಗ ಓಡೋ ಹೊಸ ಹಾಯಿಯನ್ನೂ ಕೊಟ್ರು. ನಮ್ಮ ಹಡಗು ಈ ಹುಡುಕಾಟದ ಒಂದು ಸ್ಟಾಪ್. ಹಾಗೆ ನೋಡಿದ್ರೆ ಒಳಗೆ ಏನೂ ಇಲ್ಲ ಅನ್ನೋದಕ್ಕೆ ದೆವ್ವದ ಕಾರಣ ಬೇಕಾಗಿಲ್ಲ, ಡೆಡ್‌ಲೈನ್ ಸಾಕು.

ಆದ್ರೆ ಸಾಫ್ಟ್‌ವೇರ್ ಕೆಲಸ ಮಾಡೋ ನನಗೆ ಇದ್ರಲ್ಲಿ ಒಂದು ಕುತೂಹಲ. ಟೈಮ್ ಇಲ್ಲದಿದ್ರೆ ಯಾರೂ ಚಂದ್ರನ ಲೆಕ್ಕ ಇಡಲ್ಲ. ಒಂದು ಕಡೆ ಹಡಗು ನಿಲ್ಸಿ, ರಾತ್ರಿ ಮಾತ್ರ ತೋರಿಸಿ, ಕೈ ತೊಳ್ಕೋತಾರೆ. ಇವರು ಏಳು ಜಾಗ, ಆಕಾಶದ ಚಂದ್ರ ನೋಡಿ ಲೆಕ್ಕ, ಚಾರ್ಟ್ ಇಲ್ಲದವರಿಗೆ ಮಾಯ, ಇಷ್ಟೆಲ್ಲ ಮಾಡಿದಾರೆ. ಅಂದ್ರೆ ಹಡಗಿನ ಒಳಗಡೆಗಿಂತ ಹೊರಗಡೆ ಮೇಲೆ ಪ್ರೀತಿ ಜಾಸ್ತಿ ಇತ್ತು. ವಿಂಡ್‌ಫಾಲ್ ಅನ್ನೋ ಊರಲ್ಲಿ ಒಂದು ಸಮಾಧಿ ಕಲ್ಲಿನ ಮುಂದೆ ಒಬ್ಬ ಕುಣೀತಾ ಇರ್ತಾನೆ, ಅವನು ಕಲಿಸೋ ಹಾಡು ಹಾಡಿದ್ರೆ ಹಗಲು ಹೋಗಿ ರಾತ್ರಿ ಆಗತ್ತೆ, ರಾತ್ರಿ ಹೋಗಿ ಹಗಲಾಗತ್ತೆ. ಹಡಗು ಬೇಕಾದವರು ಆ ಹಾಡನ್ನ ಮತ್ತೆ ಮತ್ತೆ ಹಾಡಿ ತಮಗೆ ಬೇಕಾದ ಚಂದ್ರ ಬರೋವರೆಗೆ ಕಾಯ್ತಾರೆ. ನಮ್ಮ ಕಡೆ ಅಜ್ಜ ಅಜ್ಜಿಯರು ಪಂಚಾಂಗ ನೋಡಿ ಉಬ್ಬರ ಇಳಿತದ ಲೆಕ್ಕ ಹೇಳ್ತಿದ್ದಿದ್ದು ನೋಡಿದವನಿಗೆ ಇದು ಬಹಳ ಸಹಜ ಅನ್ಸತ್ತೆ, ಸಮುದ್ರಕ್ಕೆ ಹೋಗೋಕೆ ಮುಂಚೆ ಆಕಾಶ ನೋಡ್ಲೇಬೇಕು.

2007ರಲ್ಲಿ ಇದರ ಮುಂದುವರಿದ ಭಾಗ 'ಫ್ಯಾಂಟಮ್ ಅವರ್‌ಗ್ಲಾಸ್' ನಿಂಟೆಂಡೊ ಡಿಎಸ್‌ಗೆ ಬಂತು, ಆಗ ಜಗಳ ಇನ್ನೂ ಜೋರಾಯ್ತು. ಯಾಕಂದ್ರೆ ಅದು ಶುರು ಆಗೋದೇ ದೆವ್ವದ ಹಡಗಿಂದ. ಲಿಂಕ್‌ನ ಗೆಳತಿ, ಕಡಲ್ಗಳ್ಳರ ನಾಯಕಿ ಟೆಟ್ರಾ ಆ ಹಡಗಿಗೆ ಹಾರ್ತಾಳೆ, ಕಿರುಚಿದ್ದು ಕೇಳತ್ತೆ, ಹಡಗು ಅವಳನ್ನ ತಗೊಂಡು ಮಂಜಲ್ಲಿ ಮಾಯ. ಈ ಸಲ ಹಡಗಿಗೆ ಕಥೆ ಇದೆ. ಬೆಲಮ್ ಅನ್ನೋ ರಾಕ್ಷಸ ಜೀವಶಕ್ತಿ ಹೀರೋಕೆ ಇಟ್ಟಿರೋ ಬಲೆ ಅದು. ಒಳಗೆ ನಾಲ್ಕು ಜನ ಅಕ್ಕ ತಂಗಿಯರು ದಾರಿ ತಪ್ಪಿದೀವಿ ಕಾಪಾಡು ಅಂತ ಅಳ್ತಾರೆ, ಒಬ್ಬೊಬ್ಬರನ್ನೇ ಹುಡುಕಿ ಸೇರಿಸಿದ್ಮೇಲೆ ನಾಲ್ಕೂ ಜನ ರಾಕ್ಷಸಿಯರು ಅಂತ ಗೊತ್ತಾಗತ್ತೆ. ಆ ಭಾಗ ನಿಜವಾಗ್ಲೂ ಚೆನ್ನಾಗಿದೆ. ಎಲ್ಲ ಮುಗಿದ್ಮೇಲೆ ಲಿಂಕ್ ತನ್ನ ಗೆಳೆಯರ ಹಡಗಿಗೆ ವಾಪಸ್ ಬರ್ತಾನೆ, ಅವರು ಹೇಳ್ತಾರೆ, ನೀವಿಬ್ರೂ ಹೋಗಿ ಬರೀ 10 ನಿಮಿಷ ಆಯ್ತು ಅಂತ. ಎಲ್ಲ ಕನಸಾ? ಆದ್ರೆ ಲಿಂಕ್ ಕೈಯಲ್ಲಿ ಖಾಲಿ ಮರಳು ಗಡಿಯಾರ ಇದೆ, ದೂರದಲ್ಲಿ ಆ ಸಾಹಸದಲ್ಲಿ ಜೊತೆಗಿದ್ದ ಕ್ಯಾಪ್ಟನ್ ಲೈನ್‌ಬೆಕ್‌ನ ಸ್ಟೀಮ್ ಹಡಗು ಹೋಗ್ತಾ ಇರೋದು ಕಾಣತ್ತೆ.

ಎರಡೂ ಒಂದೇ ಹಡಗು ಅಂತ ವಾದ ಮಾಡೋರಿದ್ದಾರೆ, ಮೊದಲನೇ ಗೇಮ್‌ನಲ್ಲಿ ಕಂಡಿದ್ದು ಬೆಲಮ್ ಕಳಿಸಿದ ಮುನ್ಸೂಚನೆ ಅಂತ. ನಾನು ಒಪ್ಪಲ್ಲ. ಬೆಲಮ್ ಹಡಗು ಜನರನ್ನ ಕರೆಯತ್ತೆ, ಬನ್ನಿ ನಿಧಿ ಇದೆ ಅನ್ನತ್ತೆ. ವಿಂಡ್ ವೇಕರ್ ಹಡಗು ಜನರಿಂದ ತಪ್ಪಿಸ್ಕೊಳ್ಳತ್ತೆ. ಬೇಟೆ ಆಡೋದಕ್ಕೂ ಬಚ್ಚಿಟ್ಕೊಳ್ಳೋದಕ್ಕೂ ವ್ಯತ್ಯಾಸ ಇಲ್ವಾ? ಥಿಯರಿ ಕಟ್ಟೋರು ಹಡಗು ಹೇಗೆ ಕಾಣತ್ತೆ, ಹಾಯಿ ಯಾವ ಬಣ್ಣ ಅಂತೆಲ್ಲ ಸ್ಕ್ರೀನ್‌ಶಾಟ್ ಇಟ್ಕೊಂಡು ಅಳೀತಾರೆ, ಅದು ಏನು ಮಾಡತ್ತೆ ಅನ್ನೋದನ್ನ ನೋಡಲ್ಲ.

ಇನ್ನು ನಿಜವಾದ ಕಡಲಿಗೆ ಬಂದ್ರೆ, ಇಂಥ ಹಡಗುಗಳ ಕಥೆಯಲ್ಲೂ ಇದೇ ಆಗಿರೋದು. 1872ರ ಡಿಸೆಂಬರ್‌ನಲ್ಲಿ ಅಜೋರ್ಸ್ ದ್ವೀಪಗಳಿಗೂ ಪೋರ್ಚುಗಲ್‌ಗೂ ಮಧ್ಯೆ ಮೇರಿ ಸೆಲೆಸ್ಟ್ ಅನ್ನೋ ಹಡಗು ಯಾರೂ ಇಲ್ಲದೆ ತೇಲ್ತಾ ಸಿಕ್ಕಿತು. ಕ್ಯಾಪ್ಟನ್, ಅವನ ಹೆಂಡತಿ, ಎರಡು ವರ್ಷದ ಮಗಳು, ಏಳು ಜನ ಸಿಬ್ಬಂದಿ, ಒಟ್ಟು 10 ಜನ ಇಲ್ಲ. ಹಡಗಿಗೆ ದೊಡ್ಡ ಡ್ಯಾಮೇಜ್ ಏನೂ ಆಗಿರ್ಲಿಲ್ಲ, ಆದ್ರೆ ಲೈಫ್‌ಬೋಟ್ ಇರ್ಲಿಲ್ಲ. ಸರಕು ಅಂದ್ರೆ 1,701 ಪೀಪಾಯಿ ಆಲ್ಕೋಹಾಲ್. ಅದರ ಆವಿಗೆ ಹೆದರಿ ಇನ್ನೇನು ಸಿಡಿಯತ್ತೆ ಅಂತ ಬೋಟ್ ಹತ್ತಿ ಇಳಿದಿರಬೇಕು, ಆಮೇಲೆ ಹಡಗು ಕೈಗೆ ಸಿಕ್ಕಿರ್ಲಿಕ್ಕಿಲ್ಲ ಅನ್ನೋದು ಈಗ ಬಹಳ ಜನ ಒಪ್ಪೋ ವಿವರಣೆ. ಆದ್ರೆ ಜನಕ್ಕೆ ಗೊತ್ತಿರೋ ಕಥೆ ಇದಲ್ಲ. 1884ರಲ್ಲಿ ಆರ್ಥರ್ ಕಾನನ್ ಡಾಯ್ಲ್, ಶೆರ್ಲಾಕ್ ಹೋಮ್ಸ್ ಇನ್ನೂ ಹುಟ್ಟಿರದ ಕಾಲ, ಒಂದು ಪತ್ರಿಕೆಗೆ ಹೆಸರು ಹಾಕದೆ ಒಂದು ಕಟ್ಟುಕಥೆ ಬರೆದ. ಮೇರಿ ಹೋಗಿ ಮರೀ ಆಯ್ತು, ಲೈಫ್‌ಬೋಟ್‌ಗಳು ಇದ್ದ ಜಾಗದಲ್ಲೇ ಇದ್ವು ಅಂತ ಬರೆದ. ಕೆಲವರು ಅದನ್ನ ನಿಜವಾದ ಹೇಳಿಕೆ ಅಂತಲೇ ನಂಬಿದ್ರು. ಆಮೇಲೆ ಬಂದವರು ಮೇಜಿನ ಮೇಲೆ ಬಿಸಿ ಚಾ ಇತ್ತು ಅಂತೆಲ್ಲ ಸೇರಿಸಿದ್ರು. ಲೈಫ್‌ಬೋಟ್ ವಾಪಸ್ ಇಟ್ಟ ಆ ಒಂದು ಸಣ್ಣ ಬದಲಾವಣೆ ನೋಡಿ. ಬೋಟ್ ಇಲ್ಲ ಅಂದ್ರೆ ಜನ ಇಳಿದು ಹೋದ್ರು. ಬೋಟ್ ಇದೆ ಅಂದ್ರೆ ಜನ ಮಾಯ ಆದ್ರು. ಡಾಯ್ಲ್ ಒಬ್ಬ ಫಸ್ಟ್‌ಕ್ಲಾಸ್ ಫ್ಯಾನ್ ಥಿಯರಿಸ್ಟ್.

ಫ್ಲೈಯಿಂಗ್ ಡಚ್‌ಮ್ಯಾನ್ ಕಥೆ ಎಲ್ರಿಗೂ ಗೊತ್ತು, ಆಫ್ರಿಕಾದ ತುದಿ ಕೇಪ್ ಆಫ್ ಗುಡ್ ಹೋಪ್ ಹತ್ರ ದಡ ಸೇರದೆ ಸುತ್ತೋ ಡಚ್ ಹಡಗು, ಅದನ್ನ ಉದ್ದ ಮಾಡಲ್ಲ. ನನಗೆ ಮಜಾ ಕೊಡೋದು ನಾರ್ಸ್ ಪುರಾಣದ ನಾಗಲ್ಫಾರ್. ಸತ್ತವರ ಉಗುರುಗಳಿಂದ ಕಟ್ಟಿದ ಹಡಗು ಅದು, ಅದು ಪೂರ್ತಿ ಆದ ದಿನ ಲೋಕದ ಕೊನೆ ಶುರು, ಹಾಗಾಗಿ ಸತ್ತವರ ಉಗುರು ಕತ್ತರಿಸದೆ ಬಿಡಬಾರದು, ಬಿಟ್ರೆ ಹಡಗಿಗೆ ಸಾಮಾನು ಕೊಟ್ಟ ಹಾಗೆ. 2015ರ 'ವಿಚರ್ 3' ಗೇಮ್‌ನಲ್ಲಿ ಈ ಹಡಗು ಬರತ್ತೆ. ರಾತ್ರಿ ಹೊತ್ತು ಉಗುರು ಕತ್ತರಿಸಿದ್ರೆ ಮನೆಯಲ್ಲಿ ಬೈಸ್ಕೊಂಡು ಬೆಳೆದ ನಾವು ಇದನ್ನ ನಂಬೋದು ಕಷ್ಟ ಏನಲ್ಲ. ಕಾರಣ ಏನು ಅಂತ ಅಜ್ಜಿ ಯಾವತ್ತೂ ಹೇಳ್ಲಿಲ್ಲ, ಪ್ರಾಯಶಃ ಇದೇ ಇರಬೇಕು.

ತಮಾಷೆ ಸಾಕು. ಕಾಣೆಯಾದ ಹಡಗಿನ ಬಗ್ಗೆ ಥಿಯರಿ ಕಟ್ಟೋದು ಯಾವಾಗ್ಲೂ ಆಟ ಅಲ್ಲ ಅನ್ನೋದು ಉಡುಪಿ ಕಡೆಯವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್, ಏಳು ಜನ ಮೀನುಗಾರರು, ಸಂಪರ್ಕ ಕಡಿದು ಹೋಯ್ತು. ತಿಂಗಳುಗಟ್ಟಲೆ ಸುದ್ದಿ ಇಲ್ಲ. ಆ ತಿಂಗಳುಗಳಲ್ಲಿ ವಾಟ್ಸಾಪ್ ತೆರೆದ್ರೆ ಸಾಕು, ಅಪಹರಣವಂತೆ, ಅಲ್ಲಿ ಕಂಡ್ರಂತೆ, ಇಲ್ಲಿ ಇದಾರಂತೆ. ಮರುವರ್ಷ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಕಡೆ ಸಮುದ್ರದ ತಳದಲ್ಲಿ ಅದರ ಅವಶೇಷ ನೌಕಾಪಡೆಗೆ ಸಿಕ್ಕಿತು. ನಾನು ಆ ಹೊತ್ತಲ್ಲಿ ಗೇಮ್ ಥಿಯರಿ ಓದೋದು ಬಿಟ್ಟಿದ್ದೆ. ಯಾರೂ ಬಿಡು ಅಂದಿರ್ಲಿಲ್ಲ, ಮನಸ್ಸೇ ಆಗ್ಲಿಲ್ಲ. ಅದೇ ಬುದ್ಧಿ ಅಲ್ವಾ, ಖಾಲಿ ಇರೋ ಕಡೆ ಕಥೆ ತುಂಬೋದು, ಬರೀ ಇಲ್ಲಿ ಒಂದು ಮನೆಯಲ್ಲಿ ಯಾರೋ ಅದನ್ನ ಓದಿ ಫೋನ್ ಕಡೆ ನೋಡ್ತಾ ಕೂತಿರ್ತಾರೆ. ಡಾಯ್ಲ್ ಬರೆದದ್ದು ಆ ಕ್ಯಾಪ್ಟನ್ ಮನೆಯವರ ಕಣ್ಣಿಗೆ ಬಿದ್ದಿದ್ರೆ ಏನನ್ಸ್ತಿತ್ತೋ ಅಂತ ಆಮೇಲೆ ಯೋಚನೆ ಬಂತು.

ಗೇಮ್‌ನಲ್ಲಿ ಅದಿಲ್ಲ, ಅದಕ್ಕೇ ಅಲ್ಲಿ ಧೈರ್ಯವಾಗಿ ಆಡಬಹುದು. ಕೆಲವೊಮ್ಮೆ ಗುರಿಯೂ ತಾಗತ್ತೆ. 2006ರ 'ಟ್ವೈಲೈಟ್ ಪ್ರಿನ್ಸೆಸ್'ನಲ್ಲಿ ಲಿಂಕ್‌ಗೆ ಕತ್ತಿವರಸೆ ಕಲಿಸೋ ಒಂದು ಎಲುಬುಗೂಡು ಯೋಧ ಬರ್ತಾನೆ, ಅವನೇ ಹಳೇ ಗೇಮ್‌ನ ಲಿಂಕ್ ಅಂತ ಫ್ಯಾನ್‌ಗಳು ವರ್ಷಗಟ್ಟಲೆ ಹೇಳ್ತಾ ಬಂದ್ರು, ಆಮೇಲೆ ನಿಂಟೆಂಡೊದವರದ್ದೇ ಪುಸ್ತಕದಲ್ಲಿ ಹೌದು ಅಂತ ಬಂತು. ಎಲ್ರೂ ಕುಣಿದ್ರು. ಕುಣಿದು ಮುಗಿದ್ಮೇಲೆ ಆ ಯೋಧನ ಬಗ್ಗೆ ಮಾತಾಡೋರು ಕಮ್ಮಿ ಆದ್ರು ಅನ್ಸತ್ತೆ ನನಗೆ. ಗೊತ್ತಾಯ್ತಲ್ಲ, ಇನ್ನೇನಿದೆ.

ಸರಿ, ಈಗ ನನ್ನ ಮಾತು. ಈ ಗೇಮ್‌ನಲ್ಲಿ ದೆವ್ವ ಹೊಕ್ಕ ಹಡಗು ಯಾವುದು ಅಂತ ಕೇಳಿದ್ರೆ ಎಲ್ರೂ ದೂರ ಕಾಣೋ ಆ ಮಂಕು ಬೆಳಕನ್ನ ತೋರಿಸ್ತಾರೆ. ತೋರಿಸೋವಾಗ ಕೂತಿರೋದು ಎಲ್ಲಿ? ಲಿಂಕ್‌ನ ದೋಣಿ, ಕಿಂಗ್ ಆಫ್ ರೆಡ್ ಲಯನ್ಸ್. ಕೆಂಪು ಸಿಂಹದ ತಲೆ ಇರೋ ಸಣ್ಣ ದೋಣಿ, ಮಾತಾಡತ್ತೆ. ಸಮುದ್ರದಲ್ಲಿ ಬಿದ್ದು ತೇಲ್ತಿದ್ದ ಹುಡುಗನ್ನ ಎತ್ತಿ ದಡ ಸೇರಿಸತ್ತೆ, ಮನುಷ್ಯರ ಮಾತಾಡೋ ದೋಣಿ ನಾನೊಬ್ಬನೇ ಅಂತ ಹೇಳ್ಕೊಳ್ಳತ್ತೆ. ಹಾಯಿ ಕೂಡ ಇರಲ್ಲ ಅದಕ್ಕೆ, 80 ರುಪಿ ಕೊಟ್ಟು ನಾವೇ ತಗೋಬೇಕು. ಮೊದ್ಲು ನಾವು ಸುಮ್ನೆ ನಗ್ತೀವಿ, ಮಕ್ಕಳ ಗೇಮು, ದೋಣಿ ಮಾತಾಡಿದ್ರೆ ಏನಂತೆ. ಅರ್ಧ ದಾರಿ ಆದ್ಮೇಲೆ ಗೊತ್ತಾಗತ್ತೆ, ಅದರೊಳಗೆ ಇರೋದು ಮುಳುಗಿದ ಹೈರೂಲ್‌ನ ಕೊನೇ ರಾಜ, ಡ್ಯಾಫ್ನೆಸ್ ನೊಹಾನ್ಸನ್ ಹೈರೂಲ್. ಕೆಳಗೆ ಅವನ ಅರಮನೆ ಹಾಗೇ ಇದೆ, ಬಣ್ಣ ಇಲ್ಲದೆ, ಕಾಲ ನಿಂತು, ಕತ್ತಿ ಎತ್ತಿದ ರಾಕ್ಷಸರು ಎತ್ತಿದ ಕೈ ಹಾಗೇ ನಿಂತಿದಾರೆ. ಅವನ ಪ್ರಜೆಗಳು ಇಲ್ಲ, ಅವನ ಕಾಲ ಇಲ್ಲ. ಉಳಿದಿರೋದು ಅವನ ಹಠ ಒಂದೇ. ಒಂದು ಮರದ ದೋಣಿಯೊಳಗೆ ಕೂತು, ಏನೂ ಗೊತ್ತಿಲ್ಲದ ಹುಡುಗನ್ನ ಕರ್ಕೊಂಡು, ಎಲ್ಲಿಗೆ ಹೋಗ್ಬೇಕು ಏನು ತರಬೇಕು ಅಂತ ಹೇಳ್ತಾ ಹೇಳ್ತಾ ಇಡೀ ಸಮುದ್ರ ಸುತ್ತಿಸ್ತಾನೆ, ಪೂರ್ತಿ ವಿಷಯ ಮೊದಲೇ ಹೇಳೋದೂ ಇಲ್ಲ.

ಈಗ ಆ ಇನ್ನೊಂದು ಹಡಗನ್ನ ಇದರ ಪಕ್ಕ ಇಟ್ಟು ನೋಡಿ. ಅದೂ ಕಳೆದು ಹೋದ ಕಾಲದ್ದು, ಇದೂ ಅಷ್ಟೇ. ಅದೂ ಟ್ರೈಫೋರ್ಸ್ ಗುಟ್ಟು ಹಿಡ್ಕೊಂಡಿದೆ, ಇದೂ ಹಿಡ್ಕೊಂಡಿದೆ. ಒಂದು ನಮ್ಮನ್ನ ಹತ್ರ ಸೇರಿಸಲ್ಲ, ಇನ್ನೊಂದು ಬಿಡಲ್ಲ. ಹಾಗಾಗಿ ಆ ಹಡಗಿನ ಒಳಗೆ ಕಥೆ ಇಲ್ಲದೇ ಇರೋದು ನನಗೆ ಈಗ ಕೊರತೆ ಅನ್ಸಲ್ಲ. ಡೆಡ್‌ಲೈನ್‌ನಿಂದಲೇ ಹಾಗಾಗಿದ್ರೂ ಪರವಾಗಿಲ್ಲ. ಕಥೆ ಎಲ್ಲ ಕಾಲ ಕೆಳಗಿನ ದೋಣಿಯಲ್ಲೇ ಇದೆ.

ಕೊನೆಯಲ್ಲಿ ರಾಜ ಗ್ಯಾನನ್‌ಡಾರ್ಫ್‌ಗಿಂತ ಮೊದ್ಲು ಟ್ರೈಫೋರ್ಸ್ ಮುಟ್ತಾನೆ. ಇಷ್ಟು ಕಾಲ ಕಾದವನು ತನ್ನ ರಾಜ್ಯ ವಾಪಸ್ ಕೇಳ್ತಾನೆ ಅಂದ್ಕೋತೀವಿ, ಅವನು ಕೇಳೋದು ಹೈರೂಲ್ ಪೂರ್ತಿ ತೊಳೆದು ಹೋಗ್ಲಿ, ಈ ಮಕ್ಕಳಿಗೆ ಮುಂದಿನ ದಾರಿ ಸಿಗ್ಲಿ ಅಂತ. ನಮ್ಮ ಜೊತೆ ಬಾ ಅಂತ ಕರೆದ್ರೂ ಬರಲ್ಲ, ರಾಜ್ಯದ ಜೊತೆ ಮುಳುಗ್ತಾನೆ. ಮೇಲೆ ಬಂದ್ಮೇಲೆ ದೋಣಿ ಇದೆ, ಮಾತಿಲ್ಲ. ಗೇಮ್‌ನ ಕೊನೇ ಪ್ರಯಾಣ ಆ ಮಾತಾಡದ ದೋಣಿಯಲ್ಲೇ.

ಇದನ್ನ ಅಣ್ಣನಿಗೆ ಫೋನಲ್ಲಿ ಹೇಳಿದಾಗ ಅವನು ಒಪ್ಪಲೇ ಇಲ್ಲ. "ದೆವ್ವ ಅಂದ್ರೆ ಹೆದರಿಸ್ಬೇಕು ಮಾರಾಯಾ, ಇವನು ದಾರಿ ತೋರಿಸ್ತಾನೆ, ಮಂತ್ರಶಕ್ತಿ ಇರೋ ಮುದುಕ ಅಷ್ಟೇ. ಸತ್ತಿದ್ದಾನೆ ಅಂತ ಯಾರು ಹೇಳಿದ್ದು?" ಅಂದ. ಸತ್ತಿದ್ದಾನೆ ಅಂತ ಗೇಮ್ ಹೇಳಲ್ಲ, ಅದು ನಿಜ. ಆದ್ರೆ ಹೆದರಿಸ್ಬೇಕು ಅನ್ನೋದು ಕಡಲ ಕರೆಯಲ್ಲಿ ಹುಟ್ಟಿದವನು ಹೇಳೋ ಮಾತಾ? ನಮ್ಮ ಮೊಗವೀರರು ನಂಬೋ ದೈವ ಬೊಬ್ಬರ್ಯ ಯಾರು, ಕಡಲಲ್ಲಿ ಹೋರಾಡಿ ಜೀವ ಬಿಟ್ಟ ನಾವಿಕ ಅಂತ ತಾನೇ ಕಥೆ ಇರೋದು. ಅವನು ಹಡಗು ಓಡಿಸ್ಕೊಂಡು ಜನರನ್ನ ಹೆದರಿಸ್ತಾ ತಿರುಗಲ್ಲ, ಕಡಲಿಗೆ ಹೋದವರನ್ನ ಕಾಯ್ತಾನೆ, ಕೊಡಬೇಕಾದ್ದು ಕೊಡದಿದ್ರೆ ಮಾತ್ರ ಸಿಟ್ಟು. ಕೆಂಪು ದೋಣಿಯ ರಾಜನೂ ಅದೇ ಜಾತಿ ಅಂತ ನಾನು, ಹಾಗೆಲ್ಲ ದೈವಕ್ಕೆ ಹೋಲಿಸ್ಬೇಡ ಅಂತ ಅವನು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ, "ಹಾಗಾದ್ರೆ ಕೋಲ ಯಾರು ಕೊಡಬೇಕಿತ್ತು, ಟಿಂಗಲಾ?" 3,184 ರುಪಿ ಇಸ್ಕೊಂಡಿದ್ದಾನಲ್ಲ, ಕೊಡ್ಲಿ ಅಂದೆ.